ಡಾಕ್ಟರು ನಮ್ಮನ್ನು ಗೂಗಲ್ ಮಾಡಿದರೆ?

"ಇವನ್ನ ಧಾರವಾಡಕ್ಕ ಸೇರಿಸಬೇಕ್ ನೋಡ್ರಿ..." ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯವರಿಗೆ ಈ ಚೇಷ್ಟೆ ಮಾತು ಹೊಸದಲ್ಲ. ಡಿಮ್ಹಾನ್ಸ್ ಇರುವುದು ಅಲ್ಲೇ ತಾನೇ! ಆದರೆ ನಿಜವಾಗಿ ಮನಸ್ಸಿಗೆ ಹುಷಾರಿಲ್ಲದವರಿಗೆ ಧಾರವಾಡದ ಬಸ್ಸು ಹತ್ತುವುದರಲ್ಲಿ ಒಂದು ನೆಮ್ಮದಿಯೂ ಇದೆ. ಅಲ್ಲಿ ಯಾರಿಗೂ ನಮ್ಮ ಮನೆತನ ಗೊತ್ತಿಲ್ಲ. ಎಷ್ಟು ಹೇಳಬೇಕು ಅನ್ನಿಸುತ್ತೋ ಅಷ್ಟೇ ಹೇಳಬಹುದು.

ಈಗ ಆ ಡಾಕ್ಟರೋ ಕೌನ್ಸೆಲರೋ ನಮ್ಮ ಹೆಸರು ಹಾಕಿ ಗೂಗಲ್ ಮಾಡಿದರೆ? ಫೇಸ್‌ಬುಕ್ ಜಾಲಾಡಿದರೆ? "ಎಲ್ಲರಿಗೂ ಕಾಣೋ ಹಾಗೆ ಬರೆದವರು ನೀವೇ, ಓದಿದರೆ ತಪ್ಪೇನು" ಅಂತ ಕೇಳಬಹುದು. ನಾವು ಬ್ಲಾಗಿಗರಂತೂ ಯಾರಾದರೂ ಓದಲಿ ಅಂತಲೇ ಬರೆಯುವವರು. ಆದರೂ ನನ್ನ ಪ್ರಕಾರ ಹೇಳದೆ ಕೇಳದೆ ಹುಡುಕುವುದು ತಪ್ಪೇ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ರೋಗಿಯ ಗುಟ್ಟನ್ನು ಹೊರಗೆ ಬಿಡಬೇಡಿ ಅನ್ನುತ್ತದೆ. ಹೊರಗಿನದನ್ನು ಹುಡುಕಿ ಒಳಗೆ ತರುವ ಬಗ್ಗೆ ಆ ಕಲಮಿನಲ್ಲಿ ಮಾತಿಲ್ಲ. ಆದರೆ ಅದೇ ವರ್ಷ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದಿತು. ಕೇಸು ಹಾಕಿದ್ದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಾಲ್ಕು ಜನರ ನಡುವೆ ಬಂದ ಮಾತ್ರಕ್ಕೆ ಖಾಸಗಿತನ ಹೋಗಿಬಿಡುವುದಿಲ್ಲ ಎಂಬ ಮಾತೂ ಆ ತೀರ್ಪಿನಲ್ಲಿದೆ. ಯಲ್ಲಮ್ಮನ ಜಾತ್ರೆಯಲ್ಲಿ ಸಾವಿರ ಜನ ನಮ್ಮನ್ನು ನೋಡುತ್ತಾರೆ, ಅದು ಬೇರೆ. ಒಬ್ಬ ಬೆನ್ನು ಹತ್ತಿ ಬಂದರೆ ಅದೇ ಬೇರೆ, ಅಲ್ವಾ?

ಇನ್ನೊಂದು ಫಜೀತಿ ಇದೆ. ನಮ್ಮ ಕಡೆ ಬಸವರಾಜ ಅಂತ ಹುಡುಕಿ ನೋಡಿ, ಓಣಿಗೆ ನಾಲ್ಕು ಜನ ಸಿಗುತ್ತಾರೆ! ಯಾರದೋ ಕಥೆ ಯಾರದೋ ಫೈಲಿಗೆ ಸೇರಿದರೆ ಗತಿ ಏನು?

ಜೀವಕ್ಕೇ ಅಪಾಯ ಇದ್ದಾಗ, ರೋಗಿ ಎಲ್ಲಿದ್ದಾನೆ ಅಂತ ತಿಳಿಯದಾಗ ಹುಡುಕಲಿ, ಬೇಡ ಅನ್ನುವವರಿಲ್ಲ. ಉಳಿದಂತೆ 2010ರಲ್ಲಿ ಹಾರ್ವರ್ಡ್ ರಿವ್ಯೂ ಆಫ್ ಸೈಕಿಯಾಟ್ರಿಯಲ್ಲಿ ಬಂದ ಲೇಖನವೊಂದು ಡಾಕ್ಟರು ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಪಟ್ಟಿ ಮಾಡಿದೆ. ಯಾಕೆ ಹುಡುಕುತ್ತಿದ್ದೇನೆ, ಚಿಕಿತ್ಸೆಗೆ ಇದರಿಂದ ಒಳ್ಳೆಯದೋ ಕೆಟ್ಟದ್ದೋ, ರೋಗಿಯ ಒಪ್ಪಿಗೆ ಪಡೆಯಬೇಕೇ, ಸಿಕ್ಕಿದ್ದನ್ನು ಅವರಿಗೆ ಹೇಳಬೇಕೇ, ದಾಖಲೆಯಲ್ಲಿ ಬರೆಯಬೇಕೇ... ಬರೀ ಕುತೂಹಲಕ್ಕೆ ಹುಡುಕುವವರು ಮೊದಲ ಪ್ರಶ್ನೆಗೇ ತಡವರಿಸುತ್ತಾರೆ.

ಗಂಡನ ಕುಡಿತದ ಬಗ್ಗೆ ಮೂರನೇ ಭೇಟಿಯಲ್ಲಿ ಬಾಯಿ ಬಿಡಬೇಕು ಅಂದುಕೊಂಡ ಹೆಣ್ಣುಮಗಳಿಗೆ, ಡಾಕ್ಟರಿಗೆ ಅದು ಮೊದಲೇ ಗೊತ್ತು ಅಂತ ತಿಳಿದರೆ ಏನಾಗಬಹುದು? ನಾಲ್ಕನೇ ಸಲ ಆಕೆ ಆ ಬಸ್ಸು ಹತ್ತಲಿಕ್ಕಿಲ್ಲ. ಔಷಧವೂ ಅಲ್ಲಿಗೇ ನಿಲ್ಲುತ್ತದೆ. ಅದಕ್ಕಿಂತ "ನಿಮ್ಮ ಬಗ್ಗೆ ನೆಟ್‌ನಲ್ಲಿ ನೋಡಲಾ?" ಅಂತ ಒಂದು ಮಾತು ಕೇಳುವುದು ಸುಲಭ ಅಲ್ಲವೇ?

ನೀವೇನಂತೀರಿ?