ಆಟದ ಪೆಟ್ಟಿಗೆಯೂ ಅರಗಿನ ಬುಗುರಿಯೂ

ಮಹಾನವಮಿ ಹತ್ತಿರವಾದಂತೆ ಕನ್ನಡ ನಾಡಿನ ಎಷ್ಟೋ ಮನೆಗಳಲ್ಲಿ ಅಟ್ಟ ಗುಡಿಸುವ ಕಾರ್ಯ ಮೊದಲಾಗುತ್ತದೆ. ಬೊಂಬೆಗಳ ಪೆಟ್ಟಿಗೆ ಕೆಳಗಿಳಿಯಬೇಕಷ್ಟೆ. ಅದರ ಸಂಗಡ ಬಹುಕಾಲದಿಂದ ಯಾರೂ ಕೇಳದಿದ್ದ ಸಾಮಾನುಗಳೂ ಇಳಿದು ಬರುತ್ತವೆ. ಇತ್ತೀಚಿನ ವರ್ಷಗಳಲ್ಲಿ ಆ ಸಾಲಿಗೆ ಹೊಸದೊಂದು ಸೇರಿದೆ. ಒಂದು ಕಾಲಕ್ಕೆ ಬಿಳಿಯದಾಗಿದ್ದು ಈಗ ಹಳದಿ ತಿರುಗಿದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ತಂತಿಯ ತುದಿಗೆ ಜೋತುಬಿದ್ದ ಎರಡು ಗುಂಡಿಪಟ್ಟಿಗಳು, ಒಂದು ಆಟದ ಪಿಸ್ತೂಲು, ನಾಲ್ಕಾರು ಕ್ಯಾಸೆಟ್ಟುಗಳು. 1990ರ ದಶಕದಲ್ಲಿ ಮಕ್ಕಳು ದೂರದರ್ಶನದ ಪೆಟ್ಟಿಗೆಗೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೊ ಗೇಮ್ ಅದು. ಮನೆಯಾಕೆ ಅದನ್ನು ಹಳೆಯ ಸಾಮಾನಿನವನಿಗೆ ಹಾಕಲು ಹೊರಡುತ್ತಾಳೆ. ನಲವತ್ತರ ಗಡಿ ದಾಟಿದ ಯಜಮಾನನು ಎಂದೂ ಇಲ್ಲದ ಹಟದಿಂದ ಅಡ್ಡ ಬರುತ್ತಾನೆ.

ಹೀಗೆ ಅಡ್ಡ ಬಂದವರಲ್ಲಿ ಕೆಲವರು ಅಲ್ಲಿಗೇ ನಿಲ್ಲುವುದಿಲ್ಲ. ಮನೆಯಲ್ಲಿದ್ದ ಒಂದಕ್ಕೆ ಜೊತೆಯಾಗಿ ಮತ್ತೊಂದನ್ನು ಅರಸುತ್ತಾರೆ. ಬೆಂಗಳೂರಿನ ಭಾನುವಾರದ ಹಳೆಯ ಸಾಮಾನಿನ ಸಂತೆಯಲ್ಲಿ ಬೆಳಗಿನ ಹೊತ್ತೇ ಹಾಜರಾಗುತ್ತಾರೆ, ಎಸ್.ಪಿ. ರಸ್ತೆಯ ಸಂದಿಗಳಲ್ಲಿ ಕೆಟ್ಟ ಬಿಡಿಭಾಗಕ್ಕೆ ಬದಲಿ ಹುಡುಕುತ್ತಾರೆ. ಅಂಚೆಚೀಟಿಯನ್ನೋ ಹಳೆಯ ನಾಣ್ಯವನ್ನೋ ಕೂಡಿಡುವವನಿಗೆ ಊರಿನಲ್ಲಿ ಒಂದು ಬಗೆಯ ಗೌರವವುಂಟು. ಆಟದ ಪೆಟ್ಟಿಗೆಯನ್ನು ಕೂಡಿಡುವವನು ಮಾತ್ರ 'ಇನ್ನೂ ಹುಡುಗಾಟ ಬಿಟ್ಟಿಲ್ಲ' ಎನಿಸಿಕೊಳ್ಳುತ್ತಾನೆ. ಆದರೆ ಈ ಪೆಟ್ಟಿಗೆಗೂ ಒಂದು ಚರಿತ್ರೆಯುಂಟು. ಬೇರೆಯವರು ಹೇಗಾದರೂ ಇರಲಿ, ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರಗಳ ಸೀಮೆಯವರು ಅದನ್ನು ಕಿವಿಗೊಟ್ಟು ಕೇಳಬೇಕು.

ಮನೆಯ ಪರದೆಯ ಮೇಲೆ ಆಡುವ ಆಟಕ್ಕೆ ಮೊದಲು ರೂಪ ಕೊಟ್ಟವರು ರಾಲ್ಫ್ ಬೇರ್ ಎಂಬ ಅಮೆರಿಕದ ಇಂಜಿನಿಯರರು. 1960ರ ದಶಕದ ಕೊನೆಯಲ್ಲಿ ಅವರು ಸಿದ್ಧಪಡಿಸಿದ ಮಾದರಿಗೆ 'ಕಂದು ಪೆಟ್ಟಿಗೆ' ಎಂದೇ ಹೆಸರಾಯಿತು. ಮರದ ಗೆರೆಗಳನ್ನು ಅಚ್ಚೊತ್ತಿದ ಅಂಟುಹಾಳೆಯನ್ನು ಅದರ ಮೈಗೆ ಸುತ್ತಿದ್ದರು. ಅದರಿಂದ ಹುಟ್ಟಿ 1972ರಲ್ಲಿ ಅಂಗಡಿಗೆ ಬಂದದ್ದು ಮ್ಯಾಗ್ನಾವಾಕ್ಸ್ ಕಂಪನಿಯ 'ಒಡಿಸ್ಸಿ'. ಅದಕ್ಕೆ ಬಣ್ಣವೂ ಇರಲಿಲ್ಲ, ದನಿಯೂ ಇರಲಿಲ್ಲ. ಕರಿಯ ಪರದೆಯ ಮೇಲೆ ಚಲಿಸುವ ಬೆಳಕಿನ ಚುಕ್ಕೆಗಳೇ ಅದರ ಸರ್ವಸ್ವ. ಆಟದ ಅಂಗಳವನ್ನು ಬರೆದ ತೆಳುವಾದ ಬಣ್ಣದ ಹಾಳೆಯೊಂದನ್ನು ದೂರದರ್ಶನದ ಗಾಜಿಗೆ ಅಂಟಿಸಿಕೊಂಡು ಆಡಬೇಕಾಗಿತ್ತು. ಪೆಟ್ಟಿಗೆಯೊಡನೆ ದಾಳಗಳು, ಎಲೆಗಳು, ಕಾಗದದ ಹುಸಿ ನೋಟುಗಳು ಬರುತ್ತಿದ್ದವು. ಎಂದರೆ, ಹೊಸ ಯುಗದ ಆಟವು ಪಗಡೆಯ ದಾಳವನ್ನು ಕೈಯಲ್ಲಿ ಹಿಡಿದೇ ಹೊಸಿಲು ದಾಟಿತು! 1977ರಲ್ಲಿ ಬಂದ ಅಟಾರಿ ಕಂಪನಿಯ ಪೆಟ್ಟಿಗೆಯೂ ಎದುರು ಮೈಗೆ ಮರದ ಬಣ್ಣ ಬಳಿದುಕೊಂಡಿತ್ತು. ಒಳಗೆಲ್ಲ ವಿದ್ಯುತ್ತಿನ ಕೆಲಸ, ಹೊರಗೆ ಮರದ ವೇಷ. ಮನೆಯ ಪಡಸಾಲೆಗೆ ಹೊಸಬನೊಬ್ಬನು ಬರುವಾಗ ಪರಿಚಿತನ ಉಡುಪು ತೊಟ್ಟು ಬರುವುದು ಲೇಸೆಂದು ಅವರು ಬಗೆದಿರಬೇಕು.

ಅಟ್ಟದಿಂದ ಇಳಿದ ಪೆಟ್ಟಿಗೆಯ ವಂಶಮೂಲ ಮಾತ್ರ ಜಪಾನಿನಲ್ಲಿದೆ. ಕ್ಯೋಟೊ ನಗರದಲ್ಲಿ 1889ರಲ್ಲಿ ಹೂಚಿತ್ರದ ಆಟದ ಎಲೆಗಳನ್ನು ಮಾಡುವುದಕ್ಕೆಂದು ಆರಂಭವಾದ ಒಂದು ಸಣ್ಣ ವ್ಯಾಪಾರವೇ ಮುಂದೆ ನಿಂಟೆಂಡೊ ಕಂಪನಿಯಾಯಿತು. 1983ರ ಜುಲೈಯಲ್ಲಿ ಆ ಕಂಪನಿ 'ಫ್ಯಾಮಿಕಾಂ' ಎಂಬ ಆಟದ ಪೆಟ್ಟಿಗೆಯನ್ನು ಹೊರತಂದಿತು. ಭಾರತದಲ್ಲಿ ಅದು 'ಸಮುರಾಯ್' ಎಂಬ ಹೆಸರಿನಿಂದ ಮಾರಾಟವಾದುದುಂಟು; ಆದರೆ ಹೆಚ್ಚು ಮನೆಗಳನ್ನು ಹೊಕ್ಕದ್ದು ಅದರ ಅಗ್ಗದ ನಕಲುಗಳೇ. ಆ ನಕಲುಗಳ ಕ್ಯಾಸೆಟ್ಟಿನ ಮೇಲೆ ಲಕ್ಷೋಪಲಕ್ಷ ಆಟಗಳಿವೆಯೆಂದು ಅಂಕೆಗಳನ್ನು ಸಾಲಾಗಿ ಅಚ್ಚು ಹಾಕಿರುತ್ತಿದ್ದರು. ಎಣಿಸಿ ನೋಡಿದರೆ ಹತ್ತಿಪ್ಪತ್ತು ಆಟಗಳೇ ಬೇರೆ ಬೇರೆ ಹೆಸರಿನಿಂದ ಮತ್ತೆ ಮತ್ತೆ ಬರುತ್ತಿದ್ದವು. ಮಕ್ಕಳಿಗೆ ಅದು ಮೋಸವೆಂದು ತೋರಲೇ ಇಲ್ಲ. ಕ್ಯಾಸೆಟ್ಟು ಹಟ ಹಿಡಿದರೆ ಅದರ ಬಾಯಿಗೆ ಊದಿ ಮತ್ತೆ ಸಿಕ್ಕಿಸುವುದು ಎಲ್ಲ ಊರಿನ ಮಕ್ಕಳೂ ಬಲ್ಲ ಮಂತ್ರವಾಗಿತ್ತು. ನಿಜವಾಗಿ ಉಪಕಾರ ಮಾಡಿದ್ದು ಊದಿದ ಗಾಳಿಯಲ್ಲ, ತೆಗೆದು ಮತ್ತೆ ಸಿಕ್ಕಿಸಿದ್ದು; ಬಾಯಿಯ ತೇವದಿಂದ ಒಳಗಿನ ಲೋಹಕ್ಕೆ ಕಿಲುಬು ಹತ್ತುತ್ತಿತ್ತು. ಈಗಿನ ಸಂಗ್ರಾಹಕರು ಹತ್ತಿಯಿಂದ ಒರೆಸುತ್ತಿರುವುದು ಅಂದಿನ ಆ ಮಂತ್ರದ ಫಲವನ್ನೇ.

ಇನ್ನು ಆ ಪಿಸ್ತೂಲಿನ ಕಥೆ. ಹಾರುವ ಬಾತುಕೋಳಿಗೆ ಗುರಿಯಿಟ್ಟು ಕುದುರೆ ಎಳೆದರೆ ಕೋಳಿ ಬೀಳುತ್ತಿತ್ತು. ಪಿಸ್ತೂಲಿನಿಂದ ಗುಂಡೇನೂ ಹೊರಡುತ್ತಿರಲಿಲ್ಲ. ಬೆಳಕನ್ನು ಗುರುತಿಸುವ ಒಂದು ಕಣ್ಣು ಅದರ ನಳಿಗೆಯೊಳಗಿತ್ತು. ಕುದುರೆ ಎಳೆದೊಡನೆ ಪರದೆ ಕ್ಷಣಮಾತ್ರ ಕಪ್ಪಾಗಿ, ಕೋಳಿಯಿದ್ದ ಸ್ಥಳವಷ್ಟೇ ಬೆಳ್ಳಗೆ ಮಿಂಚುತ್ತಿತ್ತು. ಪಿಸ್ತೂಲಿನ ಕಣ್ಣು ಆ ಮಿಂಚನ್ನು ಕಂಡರೆ ಗುರಿ ಸರಿ, ಕಾಣದಿದ್ದರೆ ತಪ್ಪು. ಸೆಕೆಂಡಿನ ಅರುವತ್ತನೆಯ ಒಂದು ಭಾಗದ ಈ ಲೆಕ್ಕಾಚಾರವೆಲ್ಲ ಹಿಂದಿನ ದಪ್ಪ ಕೊಳವೆಯ ದೂರದರ್ಶನಕ್ಕೆ ಹೊಂದಿಕೊಂಡದ್ದು. ಈಗಿನ ತೆಳುವಾದ ಪರದೆಯು ಚಿತ್ರವನ್ನು ತುಸು ತಡಮಾಡಿ ತೋರಿಸುವುದರಿಂದ ಅದರ ಮುಂದೆ ಆ ಪಿಸ್ತೂಲು ಕುರುಡು. ಆದುದರಿಂದ ಆಟದ ಪೆಟ್ಟಿಗೆಯನ್ನು ಕೂಡಿಟ್ಟವನು ಹಳೆಯ ದೂರದರ್ಶನವನ್ನೂ ಕೂಡಿಡಬೇಕು. ಅದು ಕೆಟ್ಟರೆ ರಿಪೇರಿ ಬಲ್ಲ ಮುದುಕನೊಬ್ಬನನ್ನು ಹುಡುಕಿಟ್ಟಿರಬೇಕು. ಒಳಗಿನ ಚಿಪ್ಪು ಸುಟ್ಟುಹೋದರಂತೂ, ಇನ್ನೊಂದು ಹಳೆಯ ಪೆಟ್ಟಿಗೆಯನ್ನು ಕೊಂದು ಅದರದನ್ನು ಇದಕ್ಕೆ ಹಾಕಬೇಕು. ವಸ್ತುವನ್ನು ಉಳಿಸಿಕೊಂಡದ್ದಾಯಿತು, ಅದನ್ನು ಮಾಡುವ ಕೈ ಎಲ್ಲಿದೆ?

ಈ ಪ್ರಶ್ನೆಗೆ ಉತ್ತರವಿರುವ ಊರೊಂದು ಬೆಂಗಳೂರಿನಿಂದ ಅರುವತ್ತು ಕಿಲೋಮೀಟರು ದೂರದಲ್ಲಿಯೇ ಇದೆ. ಅಟಾರಿಯವರು ಮರದ ವೇಷ ಹಾಕಿದರು. ಚನ್ನಪಟ್ಟಣದಲ್ಲಿ ಆಟಿಕೆ ಮರದಿಂದಲೇ ಹುಟ್ಟುತ್ತದೆ. ಆಲೆಮರದ ತುಂಡನ್ನು ತಿಂಗಳುಗಟ್ಟಲೆ ಒಣಗಲು ಬಿಟ್ಟು, ಅನಂತರ ಲೇತಿಗೆ ಸಿಕ್ಕಿಸಿ ಉಳಿಯಿಂದ ಕಡೆಯುತ್ತಾರೆ. ಹಿಂದೆ ಬಿಲ್ಲಿನಂಥ ಕೋಲಿಗೆ ಹಗ್ಗ ಕಟ್ಟಿ, ಒಂದು ಕೈಯಿಂದ ಅದನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತ ಮರವನ್ನು ತಿರುಗಿಸುತ್ತಿದ್ದರು. ಈಗ ಬಹುಮಟ್ಟಿಗೆ ವಿದ್ಯುತ್ತು ಆ ಕೆಲಸ ಮಾಡುತ್ತದೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿದರೆ, ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕುಂಚವಿಲ್ಲ, ಒಲೆಯಿಲ್ಲ, ಬಣ್ಣವೂ ಬೆಂಕಿಯೂ ಆ ತಿರುಗಣೆಯಲ್ಲಿಯೇ. ಕಡೆಗೆ ಒಣಗಿದ ತಾಳೆಗರಿಯಿಂದ ಒತ್ತಿ ತಿಕ್ಕಿದರೆ ಬುಗುರಿಯ ಮೈ ಕನ್ನಡಿಯಂತಾಗುತ್ತದೆ. ಅರಿಸಿನದಿಂದ ಹಳದಿ, ನೀಲಿಗಿಡದಿಂದ ನೀಲಿ ತೆಗೆದು ಕೂಸು ಬಾಯಿಗಿಟ್ಟರೂ ಕೇಡಿಲ್ಲದಂತೆ ಮಾಡುವವರು ಇಂದಿಗೂ ಇದ್ದಾರೆ.

ಟಿಪ್ಪು ಸುಲ್ತಾನನು ಪಾರಸೀಕ ದೇಶದ ಕುಶಲಿಗಳನ್ನು ಕರೆಸಿ ಈ ವಿದ್ಯೆಯನ್ನು ನೆಲೆಗೊಳಿಸಿದನೆಂಬುದು ಪರಂಪರೆಯ ಮಾತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಾವಾಸ್ ಮಿಯಾ ಎಂಬವರು ಜಪಾನಿನ ಬೊಂಬೆಗಾರರ ವಿಧಾನಗಳನ್ನು ಅರಿತು ಊರಿನವರಿಗೆ ಕಲಿಸಿದರೆಂದು ಹೇಳುತ್ತಾರೆ. ಚನ್ನಪಟ್ಟಣದ ಆಟಿಕೆಯ ಪಿತಾಮಹರೆಂದು ಅವರನ್ನು ಇಂದಿಗೂ ನೆನೆಯುತ್ತಾರೆ. ಜಪಾನಿನ ಆಟದ ವಿದ್ಯೆ ಕನ್ನಡ ನಾಡಿಗೆ ಎರಡು ಸಲ ಬಂದಿತೆನ್ನಬಹುದು. ಮೊದಲ ಸಲ ಅದು ಕೈಗೆ ಬಂದು ಇಲ್ಲಿಯದೇ ಆಯಿತು. ಎರಡನೆಯ ಸಲ ಕೊಂಡು ತಂದ ಪೆಟ್ಟಿಗೆಯಾಗಿಯೇ ಉಳಿದು ಅಟ್ಟ ಸೇರಿತು.

ಇಷ್ಟಾದರೂ ಹಳೆಯ ಚನ್ನಪಟ್ಟಣದ ಆಟಿಕೆಯನ್ನು ಸಂಗ್ರಹಿಸಲು ಹೊರಟವನ ಪಾಡು ಸುಲಭವಲ್ಲ. ಮಾಗಡಿಯ ರಂಗನಾಥಸ್ವಾಮಿಯ ತೇರಿನಲ್ಲಿಯೋ ಕಬ್ಬಾಳಿನ ಜಾತ್ರೆಯಲ್ಲಿಯೋ ಕೊಂಡ ಗಿಲಕಿಯನ್ನು ಯಾರು ಕಾದಿಟ್ಟಾರು? ಕೂಸು ಅದನ್ನು ಕಚ್ಚುತ್ತದೆ, ಎಸೆಯುತ್ತದೆ. ಅದರ ತಮ್ಮನೋ ತಂಗಿಯೋ ಉಳಿದುದನ್ನು ಮುಗಿಸುತ್ತಾರೆ. ಮರದ ವಸ್ತು ಮುರಿದರೆ ಒಲೆ ದೂರವೇನಲ್ಲ. ಚೆನ್ನಾಗಿ ಆಡಿಸಿದ ಆಟಿಕೆ ಉಳಿಯುವುದಿಲ್ಲ. ಉಳಿದದ್ದು ಆಡದೆ ಗಾಜಿನ ಬೀರುವಿನಲ್ಲಿ ಕುಳಿತದ್ದು. ಬೊಂಬೆಗಳ ಗತಿ ಇದಕ್ಕಿಂತ ಮೇಲು. ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಬೊಂಬೆಯ ಜೋಡಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ, ವರ್ಷಕ್ಕೊಮ್ಮೆ ಹೊರತೆಗೆದು, ಒಂದಕ್ಕೆ ಒಂದು ಸೇರಿಸಿ, ಸೊಸೆಗೆ ಒಪ್ಪಿಸಿದ ಅಜ್ಜಿಯರೇ ಈ ನಾಡಿನ ಮೊದಲ ಸಂಗ್ರಾಹಕರು. ಅವರನ್ನು ಯಾರೂ ಹಾಗೆ ಕರೆಯಲಿಲ್ಲ, ಅಷ್ಟೆ.

ದೊಡ್ಡವರ ಆಟಗಳನ್ನು ಸಂಗ್ರಹಿಸಿದ ದೊರೆಯೂ ಒಬ್ಬರಿದ್ದರು. 1868ರಲ್ಲಿ ಗತಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳಲ್ಲಿ ಅಪಾರ ಆಸಕ್ತರು. ತಾವೇ ಹೊಸ ಆಟಗಳನ್ನು ಕಲ್ಪಿಸಿದರು. ಗಂಜೀಫಾ ಎಲೆಯಾಟದ ನಾನಾ ಪ್ರಕಾರಗಳನ್ನು 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಬರೆಯಿಸಿಟ್ಟರು. ಕೈಯಿಂದ ಚಿತ್ರ ಬರೆದ ಆ ಎಲೆಗಳ ಕಲೆ ಬಹುತೇಕ ನಂದಿಹೋಗಿ, ಇಪ್ಪತ್ತನೆಯ ಶತಮಾನದಲ್ಲಿ ಶ್ರೀರಂಗಪಟ್ಟಣದ ರಘುಪತಿ ಭಟ್ಟರಂಥವರ ಕೈಯಲ್ಲಿ ಮತ್ತೆ ಚಿಗುರಿತು. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನಗಳಲ್ಲಿ ಚೌಕಾಬಾರ, ಪಗಡೆ, ಅಳಗುಳಿಮಣೆಗಳನ್ನು ಜನರ ಕೈಗೆ ಮರಳಿ ಕೊಡುವ ಕೆಲಸ ಮಾಡಿದ್ದಾರೆ. ಬರಿಯ ಹಳೆಯ ಮಣೆಯನ್ನು ತೋರಿಸಿ ಕಳುಹಿಸದೆ ಹೊಸ ಮಣೆ ಮಾಡಿಸಿ ಮಾರಿದ್ದು ಅವರ ಜಾಣತನ.

ಸಂಗ್ರಹವೆಂದರೇನೆಂಬುದನ್ನು ರಾಮನಗರಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಚ್.ಎಲ್. ನಾಗೇಗೌಡರು 1994ರಲ್ಲಿ ಅಲ್ಲಿಯೇ, ಹೆದ್ದಾರಿಯ ಮಗ್ಗುಲಲ್ಲಿ, ಜಾನಪದ ಲೋಕವನ್ನು ಕಟ್ಟಿದರು. ಹಳ್ಳಿಯವರು ಬೇಡವೆಂದು ಮೂಲೆಗೆಸೆದ ಮನೆಬಳಕೆಯ ಸಾಮಾನು, ಬೇಸಾಯದ ಮುಟ್ಟು, ವಾದ್ಯ, ತೊಗಲುಗೊಂಬೆಗಳನ್ನು ಅವರು ಹೊತ್ತು ತಂದು ಜೋಡಿಸಿದಾಗ ನಕ್ಕವರೂ ಇದ್ದಿರಬೇಕು. ಆದರೆ ಲೋಕಮಹಲಿನಲ್ಲಿರುವುದು ಬಹಳಮಟ್ಟಿಗೆ ಮಾಡುವವರು ಮರೆಯಾದ ಮೇಲೆ ಉಳಿದ ವಸ್ತುಗಳು. ಅಲ್ಲಿಂದ ತುಸು ಮುಂದೆ ಹೋದರೆ ಮಾಡುವವರೇ ಇದ್ದಾರೆ.

ಎಷ್ಟು ಕಾಲ ಇದ್ದಾರು ಎಂಬುದೇ ಈಗಿನ ಚಿಂತೆ. ಚನ್ನಪಟ್ಟಣದ ಆಟಿಕೆಗಳಿಗೆ 2005-06ರಲ್ಲಿಯೇ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಕಲಾನಗರದಲ್ಲಿ ಕುಶಲಕರ್ಮಿಗಳಿಗೆ ಮನೆಗಳೆದ್ದಿವೆ. ಸರಕಾರದ ಕರಕುಶಲ ಸಂಸ್ಥೆಯು ಅರಗಿನ ಕೆಲಸಕ್ಕಾಗಿ ಕೇಂದ್ರವನ್ನು ಕಟ್ಟಿದೆ. 2020ರಲ್ಲಿ ಹೊರದೇಶದ ಆಟಿಕೆಗಳ ಆಮದು ಸುಂಕವನ್ನು ಶೇಕಡಾ 20ರಿಂದ 60ಕ್ಕೆ ಏರಿಸಿದ್ದೂ ಉಂಟು. ಇವೆಲ್ಲ ಒಳ್ಳೆಯವೇ. ಆದರೆ 2023ರ ಮಾರ್ಚಿಯಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ತೆರೆದಾಗ ರಾಮನಗರ, ಚನ್ನಪಟ್ಟಣಗಳು ಪಕ್ಕಕ್ಕೆ ಸರಿದುವು. ಹಳೆಯ ರಸ್ತೆಯ ಬದಿಯಲ್ಲಿ ತೂಗುಕುದುರೆಗಳನ್ನು ಸಾಲಾಗಿ ನಿಲ್ಲಿಸಿ, ಕಾರಿನ ಕಿಟಕಿಯಿಂದ ಮಗುವೊಂದು ಬೆರಳು ತೋರಿಸಿದರೆ ಸಾಕೆಂದು ಕಾಯುತ್ತಿದ್ದ ಅಂಗಡಿಗಳ ಮುಂದೆ ಈಗ ಮೊದಲಿನ ದಟ್ಟಣೆಯಿಲ್ಲ. ಮಗು ಬೆರಳು ತೋರಿಸಲು ಅಂಗಡಿ ಕಾಣಬೇಕಲ್ಲವೆ? ಇತ್ತ ಲೇತಿನ ಮುಂದೆ ಕುಳಿತವನ ಮಗನಿಗೆ, ದಿನವಿಡೀ ಮರದ ಹುಡಿ ಕುಡಿದು ದುಡಿಯುವುದಕ್ಕಿಂತ ಬಿಡದಿಯ ಕಾರ್ಖಾನೆಯ ಸಂಬಳವೇ ಮೇಲಾಗಿ ಕಂಡರೆ ತಪ್ಪೆನ್ನುವಂತಿಲ್ಲ.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಸಂಗ್ರಾಹಕರಿಗೂ ಸಲ್ಲುತ್ತದೆ. ಸುಟ್ಟುಹೋದ ಚಿಪ್ಪಿಗಾಗಿ ಹತ್ತು ಊರು ಅಲೆಯುವ ತಾಳ್ಮೆಯುಳ್ಳವರು, ಹಿಂದೆ ಮಾಡುತ್ತಿದ್ದು ಈಗ ಬಿಟ್ಟುಹೋದ ಆಟಿಕೆಗಳ ಬೆನ್ನು ಹತ್ತಿದರೆ ಪ್ರಯೋಜನ ಹೆಚ್ಚು. ಅಜ್ಜಿಯ ಪೆಟ್ಟಿಗೆಯ ತಳದಲ್ಲಿ ಅಡಿಗೆಯಾಟದ ಬೀಸುಕಲ್ಲೋ, ಬಣ್ಣ ಹಾರಿದ ಮೂರು ಗಾಲಿಯ ನಡೆಬಂಡಿಯೋ ದೊರೆತರೆ ಅದನ್ನು ತೊಳೆಯುವ ಗೋಜಿಗೆ ಹೋಗಬಾರದು. ನೀರಿನಲ್ಲಿ ನೆನೆದರೆ ಮರ ಉಬ್ಬಿ ಅರಗು ಬಿರಿಯುತ್ತದೆ. ಒಣ ಬಟ್ಟೆಯಿಂದ ಒರೆಸಿ, ಎಲ್ಲಿ ಕೊಂಡದ್ದು, ಯಾರು ಆಡಿದ್ದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಬೇಕು. ಆಮೇಲೆ ಅದನ್ನು ಬೀರುವಿಗೆ ಸೇರಿಸುವ ಮುನ್ನ ಹಳೆಯ ರಸ್ತೆಯಲ್ಲಿಯೇ ಚನ್ನಪಟ್ಟಣಕ್ಕೆ ಒಯ್ದು, ಲೇತಿನವರಲ್ಲಿ ವಯಸ್ಸಾದವರೊಬ್ಬರ ಕೈಗೆ ಕೊಡಬೇಕು. ಅವರು ಅದನ್ನು ಎರಡು ಸಲ ತಿರುಗಿಸಿ ನೋಡಿ, ಕಳೆದುಹೋದ ಗಾಲಿಯ ಅಳತೆಯನ್ನು ಉಳಿದೆರಡರಿಂದ ಹಿಡಿದು, ಮರದ ತುಂಡಿಗೆ ಕೈ ಚಾಚುತ್ತಾರೆ.