ಫಲಕದ ವ್ಯಾಜ್ಯ, ನೆಲದ ಪ್ರಶ್ನೆ

ರಾಷ್ಟ್ರೀಯ ಸೌರಶಕ್ತಿ ಅಭಿಯಾನ 2010ರಲ್ಲಿ ಆರಂಭವಾದಾಗ, ಕೆಲವು ಯೋಜನೆಗಳಿಗೆ ಸ್ವದೇಶಿ ಸೌರಫಲಕವೇ ಬೇಕೆಂಬ ಷರತ್ತಿತ್ತು. ಅಮೆರಿಕ 2013ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರಿತು. 2016ರಲ್ಲಿ ಭಾರತ ಸೋತಿತು. ಅಮೆರಿಕದ ಕೆಲವು ರಾಜ್ಯಗಳೂ ಸ್ಥಳೀಯ ಉತ್ಪನ್ನಗಳಿಗೆ ಪಕ್ಷಪಾತ ತೋರುತ್ತಿವೆಯೆಂಬ ಭಾರತದ ದೂರಿಗೆ 2019ರಲ್ಲಿ ಜಯ ದೊರೆಯಿತು. 2023ರಲ್ಲಿ ಉಭಯ ದೇಶಗಳು ರಾಜಿಯಾದವು.

ಇಷ್ಟೆಲ್ಲದರಲ್ಲಿ ಫಲಕ ಯಾರದೆಂಬ ಪ್ರಶ್ನೆಯಿತ್ತೇ ಹೊರತು, ಅದು ನಿಲ್ಲುವ ನೆಲದ ಪ್ರಶ್ನೆಯಿರಲಿಲ್ಲ. ಪಾವಗಡದಲ್ಲಿ ಸುಮಾರು 13,000 ಎಕರೆ ಗುತ್ತಿಗೆಗೆ ಹೋಯಿತು. ಬಾಡಿಗೆ ಭೂಮಾಲೀಕರಿಗೆ ಸಂದಿತು. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಅದರಲ್ಲಿ ಪಾಲಿಲ್ಲ.

ಯಾವಗಲ್ಲಿನಂಥ ಎರೆನಾಡಿನ ಗ್ರಾಮಸಭೆಗಳು ಇದನ್ನು ಮುಂಚಿತವಾಗಿಯೇ ಚರ್ಚಿಸಬೇಕು. ಮನೆಯ ಮಾಳಿಗೆ, ಶಾಲೆಯ ಛಾವಣಿಗಳಿಗೆ ಮೊದಲ ಸರದಿ; ಜೋಳ, ಕಡಲೆ ಬೆಳೆಯುವ ಹೊಲಕ್ಕೆ ಕೊನೆಯದು.