ನೋವನ್ನಳಿಸುವ ಮದ್ದು, ಅಳತೆಯರಿತ ಕೈ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಮಾತಿನಲ್ಲಿ ಅನುಭವವಿದೆ, ಮರುಕವೂ ಇದೆ. ಆದರೆ ಅದರ ಬೆನ್ನಿಗೇ, ಬೇನೆ ತಿನ್ನದೆ ತಾಯಿಯಾಗುವುದುಂಟೆ ಎಂಬ ಇನ್ನೊಂದು ಮಾತೂ ಕೇಳಿಬರುತ್ತದೆ. ಮೊದಲನೆಯದು ಕನಿಕರ, ಎರಡನೆಯದು ಆ ಕನಿಕರಕ್ಕೆ ಹಾಕಿದ ಬೀಗ. ಹಲ್ಲು ಕೀಳಿಸಿಕೊಳ್ಳಲು ಹೋದವನಿಗೆ ಮರವಿನ ಮದ್ದು ಚುಚ್ಚದಿದ್ದರೆ ಅದನ್ನು ಕ್ರೌರ್ಯವೆನ್ನುವ ನಾವು, ಅದೇ ಜಾತಿಯ ಮದ್ದನ್ನು ಗಂಟೆಗಟ್ಟಲೆ ಬೇನೆ ತಿನ್ನುವವಳಿಗೆ ಕೊಡಬೇಕೆಂದಾಗ ಮಾತ್ರ ಪ್ರಕೃತಿಯ ನಿಯಮವನ್ನೂ ಸಹನೆಯ ಹಿರಿಮೆಯನ್ನೂ ಬೋಧಿಸತೊಡಗುತ್ತೇವೆ. ಇದು ಸರಿಯಲ್ಲ. ಹಾಗೆಂದು, ಕೇಳಿದವರಿಗೆಲ್ಲ ಸೂಜಿ ಚುಚ್ಚಿಬಿಟ್ಟರೆ ಕೆಲಸ ಮುಗಿಯಿತೆಂದು ತಿಳಿಯುವುದೂ ಸರಿಯಲ್ಲ. ಈ ಮದ್ದುಗಳ ಚರಿತ್ರೆಯನ್ನು ಬಲ್ಲವರಿಗೆ ಎರಡೂ ತಪ್ಪುಗಳ ಬೆಲೆ ಎಷ್ಟೆಂಬುದು ಗೊತ್ತು.

ಹೆರಿಗೆಯ ನೋವನ್ನು ಅಳಿಸುವ ಯತ್ನ ಇಂದು ನಿನ್ನೆಯದಲ್ಲ. ೧೮೪೭ರಲ್ಲಿ ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಮೊದಲು ಈಥರನ್ನೂ ಅನಂತರ ಕ್ಲೋರೋಫಾರ್ಮನ್ನೂ ಗರ್ಭಿಣಿಯರಿಗೆ ಮೂಸಲು ಕೊಟ್ಟನು. ದೇವರು ವಿಧಿಸಿದ ನೋವನ್ನು ಮನುಷ್ಯನು ತೆಗೆಯಬಹುದೆ ಎಂಬ ಆಕ್ಷೇಪಗಳಿಗೆ ಉತ್ತರವಾಗಿ ಅವನು ಅದೇ ವರ್ಷ ಒಂದು ಕಿರುಹೊತ್ತಗೆಯನ್ನೇ ಬರೆಯಬೇಕಾಯಿತು. ೧೮೫೩ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಹೆರಿಗೆಯಲ್ಲಿ ಡಾ. ಜಾನ್ ಸ್ನೋನಿಂದ ಕ್ಲೋರೋಫಾರ್ಮ್ ಪಡೆದ ಮೇಲೆ ವಿರೋಧ ಬಹಳಮಟ್ಟಿಗೆ ತಣ್ಣಗಾಯಿತು. ಆದರೆ ಈ ಮದ್ದುಗಳು ಮಿದುಳಿಗೇ ಮಂಪರು ಕವಿಸುವಂಥವು. ತಾಯಿ ಎಚ್ಚರವಾಗಿದ್ದು, ಹುಟ್ಟಿದ ಕೂಸಿನ ಮೊದಲ ಅಳುವನ್ನು ಕೇಳುತ್ತ, ನೋವಿಲ್ಲದೆ ಇರುವಂತಾಗಬೇಕಾದರೆ ಬೇರೊಂದು ದಾರಿ ಬೇಕಾಗಿತ್ತು.

ಆ ದಾರಿ ತೆರೆದದ್ದು ೧೮೮೪ರಲ್ಲಿ. ವಿಯೆನ್ನಾದ ತರುಣ ವೈದ್ಯ ಕಾರ್ಲ್ ಕೊಲ್ಲರ್, ಕಣ್ಣಿಗೆ ಕೊಕೇನ್ ದ್ರಾವಣದ ಹನಿ ಹಾಕಿದರೆ ಅದರ ಮೇಲ್ಮೈ ಮರಗಟ್ಟುವುದೆಂದು ತೋರಿಸಿಕೊಟ್ಟನು. ೧೮೯೮ರಲ್ಲಿ ಜರ್ಮನಿಯ ಆಗಸ್ಟ್ ಬೀಯರ್ ಅದೇ ಕೊಕೇನನ್ನು ಬೆನ್ನುಹುರಿಯ ಸುತ್ತಣ ದ್ರವದೊಳಕ್ಕೆ ಹೊಗಿಸಿ, ಸೊಂಟದ ಕೆಳಭಾಗವೆಲ್ಲ ಮರಗಟ್ಟುವಂತೆ ಮಾಡಿದನು. ೧೯೨೧ರಲ್ಲಿ ಸ್ಪೇನಿನ ಸೇನಾವೈದ್ಯ ಫಿಡೆಲ್ ಪಾಜೆಸ್, ಸೂಜಿಯನ್ನು ಬೆನ್ನುಹುರಿಯ ಹೊರಪೊರೆಯ ಆಚೆಗೇ ನಿಲ್ಲಿಸಿ ಮದ್ದು ಕೊಡುವ ಎಪಿಡ್ಯೂರಲ್ ವಿಧಾನವನ್ನು ವರ್ಣಿಸಿದನು. ಇಂದು ಹೆರಿಗೆಯ ಕೋಣೆಯಲ್ಲಿ ನೋವಳಿಸಲು ಬಳಸುವುದು ಮುಖ್ಯವಾಗಿ ಈ ಕಡೆಯ ವಿಧಾನವನ್ನು. ಸಿಜೇರಿಯನ್ ಶಸ್ತ್ರಕ್ರಿಯೆಗೆ ಹೆಚ್ಚಾಗಿ ಬಳಸುವುದು ಬೀಯರ್‌ನ ವಿಧಾನವನ್ನು.

ಈ ಮದ್ದುಗಳು ಕೆಲಸಮಾಡುವ ಬಗೆಯನ್ನು ಓದುಗರು ತಿಳಿದಿರುವುದು ಒಳ್ಳೆಯದು; ಏಕೆಂದರೆ ಅವುಗಳ ಗುಣವೂ ದೋಷವೂ ಒಂದೇ ಬೇರಿನಿಂದ ಹುಟ್ಟಿದವು. ನರತಂತುವಿನ ಪೊರೆಯಲ್ಲಿ ಅತಿ ಸೂಕ್ಷ್ಮವಾದ ಬಾಗಿಲುಗಳಿವೆ. ಅವು ತೆರೆದಾಗ ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ. ನೋವಿನ ಸುದ್ದಿ ಈ ನುಗ್ಗಾಟದ ಅಲೆಯಾಗಿಯೇ ಮಿದುಳಿನತ್ತ ಸಾಗುತ್ತದೆ. ಸ್ಥಾನಿಕ ಅರಿವಳಿಕೆಯ ಮದ್ದು ಈ ಬಾಗಿಲುಗಳನ್ನು ಅಡ್ಡಗಟ್ಟುವುದರಿಂದ ಸುದ್ದಿ ಅಲ್ಲಿಯೇ ನಿಂತುಹೋಗುತ್ತದೆ. ಆದರೆ ಇಂಥ ಬಾಗಿಲುಗಳು ಮಿದುಳಿನಲ್ಲಿಯೂ ಹೃದಯದಲ್ಲಿಯೂ ಇವೆ. ಮದ್ದು ನರದ ಬಳಿ ಉಳಿದಿರುವವರೆಗೆ ಸೇವಕ. ರಕ್ತಕ್ಕೆ ಹೆಚ್ಚಾಗಿ ಹೊಕ್ಕಿತೆಂದರೆ ಶತ್ರು. ಬಾಯಲ್ಲಿ ಲೋಹದ ರುಚಿ, ತುಟಿಯ ಸುತ್ತ ಜೋಮು, ಕಿವಿಯಲ್ಲಿ ಗುಂಯ್‌ಗುಡುವಿಕೆ, ಕಾರಣವಿಲ್ಲದ ಚಡಪಡಿಕೆ, ಇವು ಮೊದಲ ಸೂಚನೆಗಳು. ಬಳಿಕ ಸೆಳವು ಬರಬಹುದು. ಹೃದಯದ ಬಡಿತ ತಾಳ ತಪ್ಪಿ ನಿಂತೂಹೋಗಬಹುದು. ಕೆಲವೊಮ್ಮೆ ಮುನ್ಸೂಚನೆಯೊಂದೂ ಇಲ್ಲದೆ ಕಡೆಯ ಹಂತವೇ ಎದುರಾಗುವುದುಂಟು.

ಇದಕ್ಕೆ ನಿದರ್ಶನವಾಗಿ ಬ್ಯುಪಿವಕೇನ್ ಎಂಬ ಮದ್ದಿನ ಕಥೆಯನ್ನು ನೋಡಬಹುದು. ೧೯೫೭ರಲ್ಲಿ ಸ್ವೀಡನ್ನಿನಲ್ಲಿ ತಯಾರಾದ ಇದು ಗಂಟೆಗಟ್ಟಲೆ ನೋವನ್ನು ತಡೆಯಬಲ್ಲದು. ತಕ್ಕಮಟ್ಟಿಗೆ ತೆಳುಮಾಡಿದರೆ ನೋವಿನ ನರಗಳನ್ನು ಹಿಡಿದಿಟ್ಟು ಕಾಲುಗಳ ಬಲವನ್ನು ಬಹುಪಾಲು ಉಳಿಸಬಲ್ಲದು. ಹೆರಿಗೆಗೆ ಇದಕ್ಕಿಂತ ಒಪ್ಪುವ ಗುಣ ಯಾವುದು? ಆದುದರಿಂದ ಅದು ಬೇಗನೆ ಜನಪ್ರಿಯವಾಯಿತು. ಆದರೆ ೧೯೭೯ರಲ್ಲಿ ಅಮೆರಿಕದ ಡಾ. ಜಾರ್ಜ್ ಆಲ್‌ಬ್ರೈಟ್, ಈ ಮದ್ದೂ ಇದರ ಸೋದರವಾದ ಎಟಿಡೊಕೇನೂ ಅಕಸ್ಮಾತ್ತಾಗಿ ರಕ್ತನಾಳಕ್ಕೆ ಹೊಕ್ಕಾಗ ಹೃದಯ ಹಠಾತ್ತನೆ ನಿಂತ ಪ್ರಸಂಗಗಳತ್ತ ವೈದ್ಯಲೋಕದ ಗಮನ ಸೆಳೆದನು. ಹಾಗೆ ನಿಂತ ಹೃದಯವನ್ನು ಮತ್ತೆ ನಡೆಸುವುದು ಬಹು ಕಷ್ಟವಾಗುತ್ತಿತ್ತು. ಏಕೆಂದರೆ ಬ್ಯುಪಿವಕೇನ್ ಹೃದಯದ ಬಾಗಿಲುಗಳನ್ನು ಬೇಗ ಹಿಡಿಯುತ್ತದೆ, ಬಿಡುವುದು ಮಾತ್ರ ನಿಧಾನವಾಗಿ. ಗರ್ಭಿಣಿಯಲ್ಲಿ ಬೆನ್ನೆಲುಬಿನೊಳಗಿನ ಅಭಿಧಮನಿಗಳು ಉಬ್ಬಿರುವುದರಿಂದ ಸೂಜಿಯಾಗಲಿ ಸಣ್ಣ ಕೊಳವೆಯಾಗಲಿ ಅವುಗಳೊಳಗೆ ತೂರುವ ಸಂಭವವೂ ಹೆಚ್ಚು. ೧೯೮೦ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು, ಶೇಕಡ ೦.೭೫ರ ಗಾಢ ದ್ರಾವಣವನ್ನು ಹೆರಿಗೆಯ ಅರಿವಳಿಕೆಗೆ ಬಳಸಬಾರದೆಂಬ ಎಚ್ಚರಿಕೆಯನ್ನು ಜಾರಿಗೆ ತಂದಿತು.

ಮದ್ದನ್ನು ಆಗ ಬಿಸುಡಲಿಲ್ಲ. ಬಳಸುವ ರೀತಿಯನ್ನು ತಿದ್ದಿದರು. ಒಮ್ಮೆಗೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಕೊಡುವುದು, ಪ್ರತಿ ಸಲವೂ ಸಿರಿಂಜನ್ನು ಹಿಂದಕ್ಕೆಳೆದು ರಕ್ತ ಬರುವುದೇ ಎಂದು ನೋಡುವುದು, ಮೊದಲು ಚಿಕ್ಕ ಪರೀಕ್ಷಾ ಪ್ರಮಾಣವನ್ನು ಕೊಟ್ಟು ಕಾಯುವುದು, ಇವೆಲ್ಲ ನಿಯಮಗಳಾದವು. ದ್ರಾವಣವೂ ತೆಳುವಾಯಿತು. ಇಂದಿನ ಎಪಿಡ್ಯೂರಲಿನಲ್ಲಿ ಮಿಲಿಲೀಟರಿಗೆ ೧ ಮಿಲಿಗ್ರಾಮಿನಷ್ಟು ಮಾತ್ರ ಬ್ಯುಪಿವಕೇನ್ ಇರಿಸಿ, ಅದರೊಡನೆ ಅತ್ಯಲ್ಪ ಫೆಂಟನಿಲ್ ಸೇರಿಸುವುದು ವಾಡಿಕೆ. ೨೦೦೧ರಲ್ಲಿ ಪ್ರಕಟವಾದ ಬ್ರಿಟನ್ನಿನ ಕಾಮೆಟ್ ಅಧ್ಯಯನದಲ್ಲಿ, ಹಳೆಯ ಗಾಢ ಪ್ರಮಾಣವನ್ನು ಪಡೆದವರಲ್ಲಿ ನೂರಕ್ಕೆ ಸುಮಾರು ೩೫ ಮಂದಿ ಉಪಕರಣಗಳ ನೆರವಿಲ್ಲದೆ ಸಹಜವಾಗಿ ಹೆತ್ತರೆ, ತೆಳು ಪ್ರಮಾಣವನ್ನು ಪಡೆದವರಲ್ಲಿ ಸುಮಾರು ೪೩ ಮಂದಿ ಹಾಗೆ ಹೆತ್ತರು. ಮದ್ದು ಕಡಿಮೆಯಾದಾಗ ಲಾಭ ಹೆಚ್ಚಾಯಿತು. ಅತಿಯಾದರೆ ಅಮೃತವೂ ವಿಷ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕಿಲ್ಲ.

ಶಸ್ತ್ರಕ್ರಿಯೆಯ ನಂತರದ ನೋವಿನ ವಿಷಯದಲ್ಲಿ ಅಳತೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಶೇಕಡ ೦.೫ ಎಂದು ಬರೆದ ದ್ರಾವಣದಲ್ಲಿ ಮಿಲಿಲೀಟರಿಗೆ ೫ ಮಿಲಿಗ್ರಾಂ ಮದ್ದಿರುತ್ತದೆ, ಶೇಕಡ ೦.೨೫ ಆದರೆ ೨.೫ ಮಿಲಿಗ್ರಾಂ. ಬ್ಯುಪಿವಕೇನನ್ನು ದೇಹದ ತೂಕದ ಕಿಲೋಗ್ರಾಮಿಗೆ ಸುಮಾರು ೨ ಮಿಲಿಗ್ರಾಮಿಗಿಂತ ಮೀರಿಸಬಾರದೆಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ. ೪೫ ಕಿಲೋಗ್ರಾಂ ತೂಕದ ಒಬ್ಬ ಬಾಣಂತಿಯನ್ನು ಊಹಿಸಿಕೊಳ್ಳಿ. ಅವಳ ಮಿತಿ ೯೦ ಮಿಲಿಗ್ರಾಂ. ಸಿಜೇರಿಯನ್ ಮುಗಿದ ಬಳಿಕ ಹೊಟ್ಟೆಯ ಸ್ನಾಯುಪದರಗಳ ನಡುವೆ, ಎರಡು ಪಕ್ಕಗಳಲ್ಲಿಯೂ ತಲಾ ೨೦ ಮಿಲಿಲೀಟರ್‌ನಂತೆ ಶೇಕಡ ೦.೨೫ರ ದ್ರಾವಣವನ್ನು ಚುಚ್ಚಿದರೆ ಆಗುವುದು ೧೦೦ ಮಿಲಿಗ್ರಾಂ. ಮಿತಿ ಅಲ್ಲಿಗೇ ಮೀರಿತು. ಬೆನ್ನಿಗೆ ಕೊಟ್ಟ ಸುಮಾರು ೧೦ ಮಿಲಿಗ್ರಾಂ ಬೇರೆ ಇದೆ. ಇಷ್ಟರ ಮೇಲೆ ಶಸ್ತ್ರವೈದ್ಯರು ಒಳ್ಳೆಯ ಮನಸ್ಸಿನಿಂದಲೇ ಗಾಯದ ಅಂಚಿಗೆ ಒಂದಿಷ್ಟು ಲಿಗ್ನೋಕೇನ್ ಹಾಕಿದರೆ ಅದರ ವಿಷಪ್ರಭಾವವೂ ಇದಕ್ಕೆ ಕೂಡಿಕೊಳ್ಳುತ್ತದೆ. ಮದ್ದಿನ ಹೆಸರು ಬೇರೆಯಾದ ಮಾತ್ರಕ್ಕೆ ಲೆಕ್ಕ ಬೇರೆಯಾಗುವುದಿಲ್ಲ. ಇಲ್ಲಿ ಯಾರೊಬ್ಬರೂ ಅಜಾಗರೂಕರಲ್ಲ. ಆದರೂ ಒಟ್ಟು ಮೊತ್ತವನ್ನು ಕೂಡಿನೋಡುವವರು ಯಾರೂ ಇಲ್ಲದಿದ್ದರೆ ಮೂವರು ಸಜ್ಜನರು ಸೇರಿ ಒಂದು ಅನಾಹುತವನ್ನು ತಂದಾರು. ಆದುದರಿಂದ ರೋಗಿಯ ತೂಕ, ಅವಳ ಮಿತಿ, ಈವರೆಗೆ ಕೊಟ್ಟ ಮೊತ್ತ, ಈ ಮೂರು ಅಂಕಿಗಳನ್ನು ಶಸ್ತ್ರಕ್ರಿಯೆಯ ಕೋಣೆಯ ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಬೇಕು. ಇದಕ್ಕೆ ಬೇಕಾದುದು ಒಂದು ತುಂಡು ಸೀಮೆಸುಣ್ಣ.

ಅಳತೆ ಸರಿಯಾಗಿದ್ದೂ ಮದ್ದೇ ಬೇರೆಯಾದರೆ? ೨೦೦೪ರಲ್ಲಿ ಇಂಗ್ಲೆಂಡಿನಲ್ಲಿ ಆಗತಾನೆ ಹೆತ್ತ ತಾಯಿಯೊಬ್ಬಳಿಗೆ ಉಪ್ಪುನೀರಿನ ದ್ರಾವಣದ ಬದಲು ಎಪಿಡ್ಯೂರಲಿನ ಬ್ಯುಪಿವಕೇನ್ ಚೀಲವನ್ನು ರಕ್ತನಾಳಕ್ಕೆ ಜೋಡಿಸಿಬಿಟ್ಟರು, ಅವಳು ಉಳಿಯಲಿಲ್ಲ. ಇದಕ್ಕೆ ವಿಲೋಮವಾದ ತಪ್ಪೂ ಉಂಟು. ಹೆರಿಗೆಯ ರಕ್ತಸ್ರಾವವನ್ನು ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವು ತಾಯಂದಿರ ಪ್ರಾಣ ಉಳಿಸುವ ಅಮೂಲ್ಯ ಔಷಧ. ಆದರೆ ಅದರ ಸೀಸೆ ಕೆಲವೆಡೆ ಬ್ಯುಪಿವಕೇನಿನ ಸೀಸೆಯನ್ನೇ ಹೋಲುತ್ತದೆ. ಅದನ್ನು ಅರಿವಳಿಕೆಯೆಂದು ಭ್ರಮಿಸಿ ಬೆನ್ನಿಗೆ ಚುಚ್ಚಿದಾಗ ತೀವ್ರವಾದ ಸೆಳವು ಬಂದು ಸಾವುಗಳೇ ಸಂಭವಿಸಿವೆ. ವಿಶ್ವ ಆರೋಗ್ಯ ಸಂಸ್ಥೆ ೨೦೨೨ರಲ್ಲಿ ಈ ಬಗ್ಗೆ ಲೋಕಕ್ಕೆಲ್ಲ ಎಚ್ಚರಿಕೆ ನೀಡಿ, ಈ ಎರಡು ಮದ್ದುಗಳನ್ನು ಒಂದೆಡೆ ಇಡಕೂಡದೆಂದು ತಿಳಿಸಿತು. ಪ್ರಾಣ ಉಳಿಸಬೇಕಾದ ಮದ್ದೇ ಪ್ರಾಣ ತೆಗೆಯುವುದು, ಎರಡು ಸೀಸೆಗಳು ಒಂದೇ ತಟ್ಟೆಯಲ್ಲಿ ಇದ್ದ ಮಾತ್ರಕ್ಕೆ!

ಇಂಥ ಘಟನೆಯೊಂದರ ನೆರಳು ಎಷ್ಟು ಉದ್ದವೆಂಬುದಕ್ಕೆ ೧೯೪೭ರ ಚೆಸ್ಟರ್‌ಫೀಲ್ಡ್ ಪ್ರಸಂಗ ಸಾಕ್ಷಿ. ಅಲ್ಲಿ ಒಂದೇ ದಿನ ಬೆನ್ನಿಗೆ ಅರಿವಳಿಕೆ ಪಡೆದ ಇಬ್ಬರು ಕಾಲುಗಳ ಸ್ವಾಧೀನವನ್ನು ಶಾಶ್ವತವಾಗಿ ಕಳೆದುಕೊಂಡರು. ಸೀಸೆಗಳನ್ನು ಮುಳುಗಿಸಿಟ್ಟಿದ್ದ ಫೀನಾಲ್ ಕಣ್ಣಿಗೆ ಕಾಣದ ಬಿರುಕುಗಳಿಂದ ಒಳಸೇರಿತೆಂದು ನ್ಯಾಯಾಲಯ ನಂಬಿತು. ಉಪಕರಣಗಳನ್ನು ಕುದಿಸುವ ಪಾತ್ರೆಯಲ್ಲಿ ಉಳಿದಿದ್ದ ಆಮ್ಲವೇ ಕಾರಣವಿರಬೇಕೆಂದು ಮುಂದೆ ಕೆಲವರು ತರ್ಕಿಸಿದರು. ಎರಡರಲ್ಲಿ ಯಾವುದೇ ಆಗಲಿ, ತಪ್ಪು ಮದ್ದಿನದಲ್ಲ. ಆದರೂ ಬ್ರಿಟನ್ನಿನಲ್ಲಿ ಜನರೂ ವೈದ್ಯರೂ ಬೆನ್ನಿನ ಅರಿವಳಿಕೆಗೆ ಬಹುಕಾಲ ಹೆದರಿದರು. ಒಂದು ಕೋಣೆಯ ಅಜಾಗರೂಕತೆ ಒಂದು ನಾಡಿನ ರೋಗಿಗಳಿಂದ ಒಳ್ಳೆಯ ಸಾಧನವನ್ನು ದೂರವಿರಿಸಿತು.

ನಂಜೇರಿದಾಗ ಈಗ ಒಂದು ಪರಿಹಾರವೂ ಉಂಟು. ೧೯೯೮ರಲ್ಲಿ ಅಮೆರಿಕದ ಡಾ. ಗೈ ವೈನ್‌ಬರ್ಗ್ ಮತ್ತು ಸಂಗಡಿಗರು, ರಕ್ತನಾಳಕ್ಕೆ ಕೊಡುವ ಕೊಬ್ಬಿನ ಎಮಲ್ಷನ್ನು ಇಲಿಗಳನ್ನು ಬ್ಯುಪಿವಕೇನಿನ ನಂಜಿನಿಂದ ಕಾಪಾಡುವುದೆಂದು ತೋರಿಸಿದರು. ೨೦೦೬ರಲ್ಲಿ ಅದರಿಂದ ಮನುಷ್ಯನೊಬ್ಬನು ಬದುಕಿದ ವರದಿ ಬಂದಿತು. ಉಣ್ಣಲಾಗದ ರೋಗಿಗಳಿಗೆ ಪೋಷಣೆಗಾಗಿ ಕೊಡುವ, ಸೋಯಾ ಎಣ್ಣೆಯಿಂದಾದ ಹಾಲಿನಂಥ ದ್ರವವಿದು. ಕೊಬ್ಬಿನಲ್ಲಿ ಸುಲಭವಾಗಿ ಕರಗುವ ಮದ್ದನ್ನು ಅದು ಹೃದಯದಿಂದ ಸೆಳೆದು ಬೇರೆಡೆಗೆ ಸಾಗಿಸುತ್ತದೆ. ಶೇಕಡ ೨೦ರ ಎಮಲ್ಷನ್ನನ್ನು ಕಿಲೋಗ್ರಾಮಿಗೆ ೧.೫ ಮಿಲಿಲೀಟರಿನಂತೆ ಮೊದಲು ಕೊಡಬೇಕೆಂಬುದು ಈಗಿನ ನಿಯಮ. ಉಸಿರಾಟಕ್ಕೂ ಹೃದಯಕ್ಕೂ ನೀಡುವ ಆಸರೆಯೊಡನೆ ಇದನ್ನು ಕೂಡಲೆ ಕೊಡಬೇಕು. ಪಕ್ಕದ ಊರಿನಿಂದ ತರಿಸುವಷ್ಟು ಹೊತ್ತು ಹೃದಯ ಕಾಯುವುದಿಲ್ಲ.

ಇನ್ನು ನಮ್ಮ ನಾಡಿನ ಮಾತು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ನೂರಕ್ಕೆ ೨೧.೫, ಕರ್ನಾಟಕದಲ್ಲಿ ೩೧.೫ ಹೆರಿಗೆಗಳು ಸಿಜೇರಿಯನ್ ಆಗಿದ್ದವು. ಅಂದರೆ ಬೆನ್ನಿಗೆ ಚುಚ್ಚುವ ಈ ಮದ್ದು ಈಗಾಗಲೇ ನಮ್ಮ ತಾಲೂಕು ಆಸ್ಪತ್ರೆಗಳವರೆಗೆ ಬಂದಿದೆ. ಸಹಜ ಹೆರಿಗೆಯ ನೋವಿಗೆ ಮಾತ್ರ ಅದು ಬಹುಮಟ್ಟಿಗೆ ದೊಡ್ಡ ಊರುಗಳ ಹಣವಂತರ ಸೌಲಭ್ಯವಾಗಿಯೇ ಉಳಿದಿದೆ. ಅರಿವಳಿಕೆ ತಜ್ಞರು ಸಾಲರೆಂಬುದು ಇದಕ್ಕೆ ಕೊಡುವ ಮೊದಲ ಕಾರಣ. ಅದು ನಿಜ. ಎಪಿಡ್ಯೂರಲ್ ಕೊಟ್ಟು ಹೊರಟುಹೋಗುವಂತಿಲ್ಲ. ತಾಯಿಯ ರಕ್ತದೊತ್ತಡವನ್ನೂ ಮಗುವಿನ ಹೃದಯಬಡಿತವನ್ನೂ ನೋಡುತ್ತ ಒಬ್ಬರು ಹತ್ತಿರವಿರಲೇಬೇಕು. ಅಂಥವರಿಲ್ಲದ ಕಡೆ ಕೊಡದಿರುವುದೇ ವಿವೇಕ. ಆದರೆ ತುರ್ತು ಹೆರಿಗೆಗಳಿಗಾಗಿ ಎಂ.ಬಿ.ಬಿ.ಎಸ್. ವೈದ್ಯರಿಗೆ ಅರಿವಳಿಕೆಯ ವಿಶೇಷ ತರಬೇತಿ ಕೊಡುವ ಕಾರ್ಯಕ್ರಮವನ್ನು ನಮ್ಮ ಸರ್ಕಾರವೇ ನಡೆಸಿದೆ. ದಾದಿಯರನ್ನೂ ಈ ಕಾವಲಿಗೆ ಅಣಿಗೊಳಿಸುವುದು ಅಸಾಧ್ಯವೇನಲ್ಲ. ಕೊರತೆಯು ಯೋಜನೆಗೆ ಪ್ರೇರಣೆಯಾಗಬೇಕು, ಕೈಕಟ್ಟಿ ಕೂರಲು ನೆವವಾಗಬಾರದು.

ಎರಡನೆಯ ಕಾರಣ, ಬೆನ್ನಿಗೆ ಚುಚ್ಚಿಸಿಕೊಂಡರೆ ಜನ್ಮವಿಡೀ ಬೆನ್ನುನೋವೆಂಬ ಭಯ. ಸಿಜೇರಿಯನ್ನಿಗೆ ದಾರಿಯೆಂಬ ಶಂಕೆ. ೨೦೧೮ರ ಕಾಕ್ರೇನ್ ವಿಮರ್ಶೆಯು ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಎಪಿಡ್ಯೂರಲ್ ಪಡೆದವರಲ್ಲಿ ಸಿಜೇರಿಯನ್ ಆಗಲಿ ದೀರ್ಘಕಾಲದ ಬೆನ್ನುನೋವಾಗಲಿ ಹೆಚ್ಚಿದುದು ಕಂಡುಬರಲಿಲ್ಲ. ರಕ್ತದೊತ್ತಡ ಇಳಿಯುವುದು, ಕೆಲವರಿಗೆ ತಲೆನೋವು ಬರುವುದು ಮುಂತಾದ ತೊಂದರೆಗಳು ಉಂಟು. ಅವನ್ನು ಮುಚ್ಚಿಡದೆ ಮೊದಲೇ ತಿಳಿಸುವುದು ವೈದ್ಯರ ಕರ್ತವ್ಯ. ಎಲ್ಲವನ್ನೂ ಅರಿತು, ತನಗೆ ಮದ್ದು ಬೇಡವೆನ್ನುವ ಹೆಣ್ಣಿನ ನಿರ್ಧಾರವೂ ಅಷ್ಟೇ ಗೌರವಕ್ಕೆ ಪಾತ್ರ. ನಿರ್ಧಾರ ಅವಳದಾಗಿರಬೇಕು, ಅತ್ತೆಯದೂ ಅಲ್ಲ, ಗಂಡನದೂ ಅಲ್ಲ, ಆಸ್ಪತ್ರೆಯ ಖಜಾಂಚಿಯದೂ ಅಲ್ಲ.

ಓದುಗರು ತಮ್ಮ ಮನೆಯ ಹೆಣ್ಣುಮಗಳನ್ನು ಹೆರಿಗೆಗೆ ಸೇರಿಸುವಾಗ ನಾಲ್ಕು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಲಿ. ಅವಳ ತೂಕವನ್ನು ನೋಡಿ ಮದ್ದಿನ ಮಿತಿಯನ್ನು ಲೆಕ್ಕಹಾಕಿದ್ದೀರಾ? ಚುಚ್ಚಿದ ಬಳಿಕ ಅವಳ ಬಳಿ ಯಾರಿರುತ್ತಾರೆ? ಬೆನ್ನಿಗೆ ಕೊಡುವ ಮದ್ದನ್ನು ಬೇರೆ ಮದ್ದುಗಳಿಂದ ಬೇರ್ಪಡಿಸಿ ಇಟ್ಟಿದ್ದೀರಾ? ಕೊಬ್ಬಿನ ಎಮಲ್ಷನ್ ಈ ಕಟ್ಟಡದಲ್ಲಿಯೇ ಇದೆಯೆ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಂದ ಮುನಿಯುವುದಿಲ್ಲ. ಉತ್ತರ ಅವರ ಬಳಿ ಸಿದ್ಧವಾಗಿರುತ್ತದೆ. ಸಿದ್ಧವಿಲ್ಲದ ಕಡೆ, ಪ್ರಶ್ನೆ ನಾಲ್ಕಾರು ಬಾರಿ ಕೇಳಿಬಂದರೆ ಸಿದ್ಧವಾದೀತು.